ಕುದಿನೀರಿನಲ್ಲಿ ಅದ್ದಿದ ಹುಲ್ಲು

ಆಂಡರ್ಸನ್‌ಪೇಟೆ,
ಕೆ.ಜಿ.ಎಫ್.
೯-೩-೧೯೫೮, ಭಾನುವಾರ

ಪೂಜ್ಯ ಅತ್ತೆಯವರ ಪಾದಗಳಿಗೆ ನಳಿನಾಕ್ಷಿಯ ನಮಸ್ಕಾರಗಳು.

ನಿಮ್ಮ ಮಂಡಿನೋವು ಈಗ ಹೇಗಿದೆ? ಬೇತಮಂಗಲದಲ್ಲಿ ಕೆರೆಯ ಕಡೆಯಿಂದ ಬೀಸುವ ಗಾಳಿಗೆ ಬೆಳಗಿನ ಹೊತ್ತು ಕೆಮ್ಮು ಜಾಸ್ತಿಯಾಗುತ್ತಿಲ್ಲ ತಾನೆ? ಇಲ್ಲಿಂದ ಹೊರಡುವಾಗ ಎಣ್ಣೆ ಸೀಸೆ ಗೂಡಿನಲ್ಲೇ ಬಿಟ್ಟುಹೋಗಿದ್ದಿರಿ. ಅದನ್ನು ಕಂಡಾಗಲೆಲ್ಲ ರಾತ್ರಿ ಹೊತ್ತು ನಿಮ್ಮ ಕಾಲು ಯಾರು ಒತ್ತುತ್ತಾರೋ ಅಂದುಕೊಳ್ಳುತ್ತೇನೆ. ಈ ಕಾಗದವನ್ನು ನಿಮಗೆ ಓದಿ ಹೇಳುವವರು ನೀವಿರುವ ಮನೆಯ ವರಲಕ್ಷ್ಮಕ್ಕ ಎಂದು ಗೊತ್ತು. ಅಕ್ಕಾ, ಅವಸರ ಮಾಡದೆ ಓದಿ. ನನ್ನ ಅಕ್ಷರ ಈಚೆಗೆ ನನಗೇ ಗುರುತು ಸಿಗದ ಹಾಗೆ ಆಗಿದೆ. ನಾಲ್ಕು ವಾರದಿಂದ ಒಂದು ಗಂಟೆ ಒಟ್ಟಿಗೆ ನಿದ್ದೆ ಮಾಡಿದ್ದಿಲ್ಲ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿ, ಮೂರನೆಯ ಸಲವೂ ಕೈ ಡಬ್ಬಿಗೆ ಹೋಗಿತ್ತು. ನಿಮ್ಮ ಮಗ ಅಷ್ಟು ದೂರವಲ್ಲದ ಊರಿಗೆ ಒಂದು ಸಲವೂ ಬರಲಿಲ್ಲವೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಣಿಯಲ್ಲಿ ಇವರಿಗೆ ವಾರಕ್ಕೊಂದು ಪಾಳಿ ಬದಲಾಗುತ್ತಿದೆ, ರಜೆ ಸಿಗುತ್ತಿಲ್ಲ.

ಸುಗುಣಳ ಕಾಲಿನ ವಿಷಯ ನಿಮ್ಮ ಕಿವಿಗೂ ಬಿದ್ದಿರಬೇಕು. ಪಕ್ಕದ ಮನೆ ಅಮ್ಮಾಜಮ್ಮನ ತಂಗಿ ನಿಮ್ಮ ಬೀದಿಯಲ್ಲೇ ಇದ್ದಾಳಲ್ಲ. ಸಂಕ್ರಾಂತಿ ಹೊತ್ತಿಗೆ ಟ್ರಂಕಿನ ಅಂಚು ಹಿಡಿದು ಎದ್ದು ನಿಲ್ಲುತ್ತಿದ್ದ ಮಗು, ಫೆಬ್ರವರಿ ಮೊದಲ ವಾರದಲ್ಲಿ ನಿಲ್ಲುವುದನ್ನು ಬಿಟ್ಟಳು. ಹಲ್ಲು ಬರುತ್ತಿರಬೇಕು ಅಂದುಕೊಂಡೆ. ಆಮೇಲೆ ತೆವಳುವುದನ್ನೂ ಬಿಟ್ಟಳು. ಅಂಗಾತ ಮಲಗಿ ಎರಡು ಕಾಲನ್ನೂ ಕಪ್ಪೆಯ ಹಾಗೆ ಅಗಲಿಸಿಕೊಂಡು ಅಲುಗದೆ ಬಿದ್ದಿರುತ್ತಿದ್ದಳು. ಬಟ್ಟೆ ಬದಲಿಸಲು ಕಾಲು ಎತ್ತಿದರೆ ಅವಳು ಕೂಗುತ್ತಿದ್ದ ಕೂಗನ್ನು ನಾನು ಬರೆಯಲಾರೆ. ಕಡೆಕಡೆಗೆ ನಾನು ತೊಟ್ಟಿಲ ಹತ್ತಿರ ಬಂದರೇ ಅಳುತ್ತಿದ್ದಳು. ತಾಯಿಯನ್ನು ಕಂಡರೆ ಮಗು ಹೆದರುವುದೆಂದರೆ ಏನೆಂದು ಆಗ ತಿಳಿಯಿತು. ಪೇಟೆಯ ಡಾಕ್ಟರು ಪೋಲಿಯೋ ಇರಬಹುದು, ಬೆಂಗಳೂರಿಗೆ ತೋರಿಸಿ ಅಂದರು. ಅಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸುತ್ತಾರಂತೆ, ಆದರೂ ನಡೆಯುತ್ತಾಳೆಂದು ಯಾರೂ ಮಾತು ಕೊಡುವುದಿಲ್ಲವಂತೆ. ಅಕ್ಕಾ, ಇಲ್ಲಿ ನಿಲ್ಲಿಸಬೇಡಿ, ಓದಿಬಿಡಿ. ಈಗ ಮಗು ಚೆನ್ನಾಗಿದ್ದಾಳೆ. ಹೇಗೆ ಚೆನ್ನಾದಳು ಎಂದು ಹೇಳಬೇಕಾದರೆ ಆ ಇಲಿಗಳ ವಿಷಯ ಹೇಳಬೇಕು.

ಇಲಿ ಅಂದಕೂಡಲೇ ನೀವು ಮುಖ ತಿರುಗಿಸುತ್ತೀರಿ ಎಂದು ಗೊತ್ತು. ಗಣಿಗೆ ಕಂಪೆನಿ ಹೋಗಿ ಸರ್ಕಾರ ಬಂದಮೇಲೆ ಸೀಮೆಗೆ ವಾಪಸು ಹೊರಟ ಆ ಇಂಗ್ಲಿಷ್ ಇಂಜಿನಿಯರ ಹೆಂಡತಿ, ತಾನು ಸಾಕಿದ್ದ ಎರಡು ಗಿನಿ ಇಲಿಗಳನ್ನು ನಿಮ್ಮ ಮಗನ ಕೈಗಿಟ್ಟದ್ದು, ಇವರು ಬೇಡವೆನ್ನಲಾರದೆ ಬುಟ್ಟಿಯಲ್ಲಿ ತಂದದ್ದು, ಗಂಡಿಗೆ ದೊರೆ ಹೆಣ್ಣಿಗೆ ದೊರೆಸಾನಿ ಎಂದು ಹೆಸರಿಟ್ಟದ್ದು ಎಲ್ಲ ನಿಮ್ಮ ಕಣ್ಣೆದುರಿಗೇ ಆಯಿತು. "ಇಲೀನ ಬೋನ್ನಾಗೆ ಇಕ್ತಾರೆ, ನನ್ ಮಗ ಅದಕ್ಕೆ ಮಂಚ ಆಕ್ತವ್ನೆ" ಅಂದಿರಿ. ಆಯಮ್ಮ ಒಂದು ಹಾಳೆಯ ತುಂಬ ಬರೆದುಕೊಟ್ಟಿದ್ದಳು. ಈ ಪ್ರಾಣಿಗೆ ಥಂಡಿ ಆಗದು, ಗಾಳಿ ನೇರವಾಗಿ ಬಡಿದರೆ ಎದೆ ಕಟ್ಟಿ ಎರಡು ದಿನದಲ್ಲಿ ಸಾಯುತ್ತದೆ. ಕೆಳಗೆ ಹಾಸಿದ ಹುಲ್ಲು ಒದ್ದೆಯಾಗಿದ್ದರೆ ಪಾದ ಹುಣ್ಣಾಗುತ್ತದೆ. ಹಲ್ಲು ಬೆಳೆಯುತ್ತಲೇ ಇರುತ್ತದೆ, ಕಡಿಯಲು ಗಟ್ಟಿಯಾದದ್ದು ಇಲ್ಲದಿದ್ದರೆ ಬಾಯಿ ಮುಚ್ಚಲಾಗದೆ ಉಪವಾಸ ಬೀಳುತ್ತದೆ. ಮಳೆಯಲ್ಲಿ ನೆನೆದ ಹುಲ್ಲು ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ನಾನು ಆ ಹಾಳೆಯನ್ನು ಪರೀಕ್ಷೆಯ ಪಾಠದ ಹಾಗೆ ಓದಿ, ದಿನಾ ಗೋಣಿ ಬದಲಿಸಿ, ಕಡಿಯಲು ಬೇವಿನ ಕಡ್ಡಿ ಇಟ್ಟೆ. ಕೊನೆಯ ಸಾಲು ಮಾತ್ರ ನನಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ದಿನವೂ ಹಸಿ ಸೊಪ್ಪು ಕೊಡಬೇಕು, ತಪ್ಪಿಸಬಾರದು ಎಂದು ಅಡಿಗೆರೆ ಹಾಕಿ ಬರೆದಿದ್ದಳು. ಬೈಯುತ್ತ ಬೈಯುತ್ತಲೇ ನೀವು ಕೊತ್ತಂಬರಿ ಕಡ್ಡಿ, ಕೋಸಿನ ಎಲೆ, ಸೀಬೆ ಸಿಪ್ಪೆ ಅವುಗಳ ಮುಂದೆ ಎಸೆಯುತ್ತಿದ್ದಿರಿ. ಹಾಳೆ ಓದದೆಯೇ ಅದನ್ನು ಪಾಲಿಸಿದವರು ನೀವು.

ನನಗೆ ಕುದಿಸುವ ಹುಚ್ಚು ಎಲ್ಲಿಂದ ಹಿಡಿಯಿತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆರಿಗೆಯಾದ ನಾಲ್ಕನೆಯ ತಿಂಗಳಿಗೆ ಟೈಫಾಯ್ಡ್ ಬಂದು ಇಪ್ಪತ್ತೊಂದು ದಿನ ಮಲಗಿದ್ದಾಗ ನನ್ನ ಮೈ ಒರೆಸಿದವರು ನೀವೇ. ಎದೆಹಾಲು ಬತ್ತಿಹೋಯಿತು. ಆಮೇಲೆ ಮಗುವಿಗೆ ಹೋಗುವ ಪ್ರತಿಯೊಂದನ್ನೂ ಕುದಿಸಿದೆ. ಹಾಲು ಮೂರು ಸಲ, ನೀರು ಅರ್ಧ ಇಂಗುವ ತನಕ, ಬೇಳೆಕಟ್ಟು, ರಾಗಿ ಸರಿ, ಬಟ್ಟಲು, ಚಮಚ ಎಲ್ಲ. ಹಣ್ಣನ್ನಂತೂ ಮಗುವಿನ ಹತ್ತಿರವೇ ಬಿಡಲಿಲ್ಲ. ಕ್ರಿಮಿಯ ಹೆದರಿಕೆ. ಜೀವಶಾಸ್ತ್ರ ಓದಿ ಪಾಸಾದವಳು, ಕ್ರಿಮಿ ಹೇಗಿರುತ್ತದೆಂದು ಕಣ್ಣಿಟ್ಟು ನೋಡಿದವಳು. ಕಣ್ಣು ಮುಚ್ಚಿದರೂ ಅವೇ ಕಾಣುತ್ತಿದ್ದವು.

ದೀಪಾವಳಿ ಕಳೆದ ಮೂರನೆಯ ದಿನದ ಬೆಳಿಗ್ಗೆಯ ಮಾತನ್ನು ಬರೆಯದೆ ದಾಟಿಬಿಡೋಣ ಅಂದುಕೊಂಡಿದ್ದೆ. ಹಾಗೆ ದಾಟಿದರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ. ನೀವು ಜಗುಲಿಯ ಮೇಲೆ ಸುಗುಣಳನ್ನು ತೊಡೆಯಲ್ಲಿಟ್ಟುಕೊಂಡು, ಸೀಬೆಹಣ್ಣು ಕಚ್ಚಿ, ಬೀಜ ಉಗಿದು, ತಿರುಳನ್ನು ನುಣ್ಣಗೆ ಅಗಿದು ಬೆರಳ ತುದಿಯಿಂದ ಅವಳ ಬಾಯಿಗೆ ಇಡುತ್ತಿದ್ದಿರಿ. ಅವಳು ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದಳು. ಅದು ಮೊದಲ ಸಲವಲ್ಲ, ನನ್ನ ಕಣ್ಣಿಗೆ ಬಿದ್ದದ್ದು ಮೊದಲ ಸಲ ಅಷ್ಟೆ. ನಾನು ನಿಮ್ಮ ಕೈಗೆ ಹೊಡೆದೆ. ಹಣ್ಣು ಅಂಗಳಕ್ಕೆ ಬಿತ್ತು. ಅಮ್ಮಾಜಮ್ಮ ನೀರಿನ ಬಿಂದಿಗೆ ಹೊತ್ತು ನಿಂತಿದ್ದಳು, ಅವಳ ಮುಂದೆಯೇ ಅಂದೆ: "ನಿಮ್ಮ ಕೆಮ್ಮಿನ ಎಂಜಲು ತಿನ್ನಿಸಿ ನನ್ನ ಮಗೂನೂ ಮಾವನ ದಾರಿಗೆ ಕಳಿಸಬೇಕು ಅಂತಿದ್ದೀರಾ?" ಗಣಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ ಮಾವನವರನ್ನು ಎರಡು ವರ್ಷ ಮಗುವಿನ ಹಾಗೆ ನೋಡಿಕೊಂಡವರಿಗೆ ನಾನು ಆ ಮಾತು ಹೇಳಿದೆ. ನೀವು ಕೂಗಾಡಲಿಲ್ಲ. "ಇವಳಪ್ಪನ್ನೂ ಇಂಗೇ ಸಾಕಿದ್ದು ಕಣಮ್ಮ" ಅಂದು ಕೈ ತೊಳೆದುಕೊಂಡಿರಿ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಬಿಟ್ಟಿರಿ.

ನೀವು ಹೋದಮೇಲೆ ಇವರು ಕೆಲಸದಿಂದ ಬರುವಾಗ ಇಲಿಗಳಿಗೆ ಒಂದು ಹಿಡಿ ಹುಲ್ಲು ತರುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಗಾಳಿ ಎದ್ದಿತು. ಗಣಿಯ ಬಿಳಿ ಮಣ್ಣಿನ ದಿಬ್ಬದಿಂದ ಧೂಳು ಹಾರಿ ಬಟ್ಟೆ ಒಣಗಿಸುವ ಹಗ್ಗದ ಮೇಲೂ ಕೂತದ್ದು ಕಂಡು ನನಗೆ ಮತ್ತೆ ಹೆದರಿಕೆ ಹತ್ತಿತು. ಆ ಮಣ್ಣಿನಲ್ಲಿ ಚಿನ್ನ ಬೇರ್ಪಡಿಸಲು ಹಾಕಿದ ಸೈನೈಡ್ ವಿಷ ಇದೆ, ಹುಲ್ಲಿನ ಮೇಲೆ ಕೂತು ಇಲಿಗೆ ಹೋಗಿ, ಇಲಿಯಿಂದ ಮಗುವಿನ ಕೈಗೆ ಬಂದರೆ? ಅವತ್ತಿನಿಂದ ಹುಲ್ಲನ್ನೂ ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಿ ಹಾಕತೊಡಗಿದೆ. ಅಮ್ಮಾಜಮ್ಮ ಗೋಡೆಯ ಮೇಲಿಂದ ನೋಡಿ, "ಒಗ್ಗರಣೆ ಒಂದು ಆಕ್ಬಿಡು ತಾಯಿ, ನಮಗೂ ಒಂದು ಬಟ್ಲು ಕೊಡುವಂತೆ" ಅಂದಳು. ನನಗೆ ನಗು ಬರಲಿಲ್ಲ.

ಮೂರು ನಾಲ್ಕು ವಾರಕ್ಕೆ ದೊರೆ ಮೂಲೆ ಹಿಡಿದ. ಹಿಂಗಾಲು ಎಳೆಯುತ್ತಿದ್ದ. ಎತ್ತಿಕೊಂಡರೆ ಕೀಚಲು ದನಿಯಲ್ಲಿ ಕಿರುಚುತ್ತಿದ್ದ. ಮೂಗಿನಲ್ಲಿ ನೀರಿಲ್ಲ, ಎದೆ ಕಟ್ಟಿಲ್ಲ, ಹಲ್ಲು ಸರಿಯಾಗಿದೆ. ಹಾಳೆಯನ್ನು ತಿರುಗಿಸಿ ಮುರುಗಿಸಿ ಓದಿದರೂ ಕಾಯಿಲೆ ಸಿಗಲಿಲ್ಲ. ಒಂದು ಬೆಳಿಗ್ಗೆ ಸತ್ತಿದ್ದ. ಅವನನ್ನು ಹಿತ್ತಲಲ್ಲಿ ಹೂಳಿ ಬಂದು ಸುಗುಣಳ ಬಟ್ಟೆ ಬದಲಿಸಲು ಕಾಲು ಎತ್ತಿದೆ, ಅವಳು ಕೂಗಿದಳು. ಅದೇ ಕೂಗು. ಇಲಿಯ ಕಾಯಿಲೆಯೇ ಮಗುವಿಗೆ ಹತ್ತಿದೆ ಎಂದು ನಿಶ್ಚಯ ಮಾಡಿಕೊಂಡೆ. ದೊರೆಸಾನಿಯೂ ಕಾಲೆಳೆಯಲು ಸುರುಮಾಡಿದ್ದಳು. ಬೆಂಗಳೂರಿಗೆ ಹೋಗುವ ಮೊದಲು ಯಾವ ಕಾಯಿಲೆ ಎಂದಾದರೂ ತಿಳಿಯಲಿ ಎಂದು, ಇವರು ಕೆಲಸಕ್ಕೆ ಹೋದಮೇಲೆ ಒಂದು ಕಂಕುಳಲ್ಲಿ ಮಗು, ಒಂದು ಕೈಯಲ್ಲಿ ಬುಟ್ಟಿ ಹಿಡಿದು ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಯ ದನದ ಆಸ್ಪತ್ರೆಗೆ ಹೋದೆ. ಗಾಡಿ ಅಲುಗಿದಾಗಲೆಲ್ಲ ಇಬ್ಬರೂ ಕೂಗುತ್ತಿದ್ದರು. ಎದುರಿಗೆ ಕೂತಿದ್ದ ಹೆಂಗಸು ಬೇರೆ ಬೆಂಚಿಗೆ ಎದ್ದುಹೋದಳು.

ಅಲ್ಲಿನ ಡಾಕ್ಟರು ಶ್ರೀರಾಮಪ್ಪ ಅಂತ, ವಯಸ್ಸಾದವರು. ಎತ್ತಿನ ಗೊರಸು ನೋಡುತ್ತಿದ್ದವರು ಕೈ ತೊಳೆದು ಬಂದರು. ಹಿಂದೆ ಬೆಂಗಳೂರಿನಲ್ಲಿ ಲಸಿಕೆ ಮಾಡುವ ಕಡೆ ಕೆಲಸದಲ್ಲಿದ್ದರಂತೆ, ಅಲ್ಲಿ ಈ ಇಲಿಗಳನ್ನು ನೂರುಗಟ್ಟಲೆ ಸಾಕುತ್ತಿದ್ದರಂತೆ. ದೊರೆಸಾನಿಯ ತುಟಿ ಎತ್ತಿ ನೋಡಿ, ಏನು ಹಾಕ್ತೀರಿ ತಿನ್ನೋಕೆ ಎಂದು ಕೇಳಿದರು. ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ, ಕುದಿನೀರಿನಲ್ಲಿ ಅದ್ದದೆ ಒಂದು ಎಳೆಯನ್ನೂ ಹಾಕುವುದಿಲ್ಲ ಅಂತ. ಅವರು ನನ್ನ ಮುಖವನ್ನೇ ನೋಡಿದರು. "ಇದಕ್ಕೆ ಅಂಟುರೋಗ ಇಲ್ಲಮ್ಮ. ಹಸೀದು ಇಲ್ದೆ ಇದರ ಮೂಳೆ ಒಳಗೇ ರಕ್ತ ಒಸರ್ತಾ ಐತೆ. ಹಸು, ಕುರಿ, ನಾಯಿ ಎಲ್ಲಾ ಆ ಸತ್ವಾನ ಮೈಯೊಳಗೇ ಮಾಡ್ಕೊಂತವೆ. ಈ ಇಲಿಗೆ ಆಗಲ್ಲ, ನಮಗೂ ಆಗಲ್ಲ." ಅಷ್ಟು ಹೇಳಿ ಸುಗುಣಳ ಕಾಲು ನೋಡಿದರು, ಮುಟ್ಟಲಿಲ್ಲ. "ನಾನು ದನದ ಡಾಕ್ಟ್ರು, ಮಗೂಗೆ ಔಷಧಿ ಹೇಳೋ ಹಂಗಿಲ್ಲ. ಅದರ ಒಸಡು ನೀವೇ ನೋಡಿ" ಅಂದರು.

ನೋಡಿದೆ. ಮೇಲಿನ ಎರಡು ಹಲ್ಲಿನ ಸುತ್ತ ಒಸಡು ನೇರಳೆಹಣ್ಣಿನ ಬಣ್ಣಕ್ಕೆ ಊದಿತ್ತು. ಹಲ್ಲು ಬರುತ್ತಿದೆ ಎಂದು ದಿನಾ ನೋಡುತ್ತಿದ್ದ ಒಸಡು. ಅತ್ತೆ, ಅದರ ಹೆಸರು ಸ್ಕರ್ವಿ. ಹಣ್ಣು ಸೊಪ್ಪು ಕಾಣದವರಿಗೆ ಬರುವ ಕಾಯಿಲೆ. ಕಾಲೇಜಿನಲ್ಲಿ ಇದರ ಮೇಲೆ ಪ್ರಶ್ನೆ ಬಂದು ಪೂರ್ತಿ ಉತ್ತರ ಬರೆದಿದ್ದೆ. ಕುದಿಸಿದರೆ ಆ ಸತ್ವ ಸಾಯುತ್ತದೆ ಎಂದೂ ಬರೆದಿದ್ದೆ. ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇ ತೆಗೆಸಿ ಅದೇ ಅಂದರು, ಮಾತ್ರೆ ಕೊಟ್ಟರು, ದಿನಾ ಕಿತ್ತಳೆ ರಸ ಕುಡಿಸಿ ಅಂದರು. ಮೂರನೆಯ ದಿನ ಬಟ್ಟೆ ಬದಲಿಸುವಾಗ ಮಗು ಅಳಲಿಲ್ಲ. ನಾನು ಅತ್ತೆ. ಇವತ್ತಿಗೆ ಹದಿನಾಲ್ಕು ದಿನ. ಮೊನ್ನೆಯಿಂದ ಕಾಲು ಒದ್ದು ಆಡುತ್ತಾಳೆ, ಬೆಳಿಗ್ಗೆ ಬೋರಲು ಬಿದ್ದು ನಾಲ್ಕು ಗೇಣು ತೆವಳಿದಳು. ಬೆಂಗಳೂರು ಬೇಡ ಅಂದಿದ್ದಾರೆ. ದೊರೆಸಾನಿಯೂ ಕೊತ್ತಂಬರಿ ತಿನ್ನುತ್ತ ಬದುಕಿಕೊಂಡಿದ್ದಾಳೆ.

ಸಂಕ್ರಾಂತಿಯ ತನಕ ಸುಗುಣಳ ಕಾಲು ನಿಲ್ಲುವ ಹಾಗೆ ಇಟ್ಟದ್ದು, ಅವಳಿಗೆ ಎಂಟು ತಿಂಗಳಾಗುವವರೆಗೆ ನೀವು ನನ್ನ ಕಣ್ಣು ತಪ್ಪಿಸಿ ಇಡುತ್ತಿದ್ದ ಆ ತಿರುಳು. ಇದು ನನ್ನ ಊಹೆಯಲ್ಲ, ಡಾಕ್ಟರನ್ನೇ ಕೇಳಿದೆ. ಅಗಿದು ಕೊಡುವುದು ಮಾತ್ರ ಬೇಡ, ಚಮಚದಲ್ಲಿ ಕಿವುಚಿ ಕೊಡಿ ಅಂದರು. ಆ ಮಾತನ್ನು ನಿಮಗೆ ಮುಚ್ಚಿಡುವುದಿಲ್ಲ, ನಾನೂ ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಎಂಜಲಿಗೆ ಹೆದರಿ ಹಣ್ಣನ್ನೇ ಕಿತ್ತುಕೊಂಡೆ. ಹಣ್ಣಿನ ಜೊತೆಗೆ ನಿಮ್ಮನ್ನೂ. ಅದು ನನ್ನ ತಪ್ಪು.

ವರಲಕ್ಷ್ಮಕ್ಕನಿಗೆ, ಮನೆಯ ಎಲ್ಲರಿಗೂ ನನ್ನ ನಮಸ್ಕಾರ. ಮಗುವಿನ ತಲೆಯ ಮೇಲೆ ಅಲ್ಲಿಂದಲೇ ಒಂದು ಸಲ ಕೈ ಇಡಿ.

ನಿಮ್ಮ ಸೊಸೆ,
ನಳಿನಾಕ್ಷಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಬಿಟ್ಟದ್ದು. ಮೇಲೆ ಪಾಳಿ, ರಜೆ ಎಂದು ಬರೆದದ್ದು ಸುಳ್ಳು. ಮಗುವಿನ ಚಾಕರಿ ಸಾಕಾಗಿ ನೀವೇ ಹೊರಟುಹೋದಿರಿ ಎಂದು ದೀಪಾವಳಿಯಲ್ಲಿ ಇವರಿಗೆ ಹೇಳಿದ್ದೆ. ಇವರು ನಂಬಿದರು. ಮೊಮ್ಮಗಳ ಕಾಲು ಬಿದ್ದುಹೋದರೂ ಅಮ್ಮ ಬರಲಿಲ್ಲವಲ್ಲ ಎಂದು ಒಳಗೇ ನೊಂದುಕೊಂಡು, ಹಟ ಹಿಡಿದು ನಿಮ್ಮಲ್ಲಿಗೆ ಬರಲಿಲ್ಲ. ಈಗ ತಾನೆ ಈ ಕಾಗದವನ್ನು ಅವರ ಕೈಗೆ ಕೊಟ್ಟು ಓದಿ ಅಂದೆ. ಓದಿ ಮುಗಿಸಿ ಒಂದೇ ಮಾತು ಕೇಳಿದರು: "ಅಮ್ಮ ನನಗೆ ಯಾಕೆ ಹೇಳಲಿಲ್ಲ?" ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಮಧ್ಯಾಹ್ನದ ಬಸ್ಸಿಗೆ ಹೊತ್ತಾಯಿತು, ಇದನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅಲ್ಲಿ ಬಂದು ಅದನ್ನೇ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ ಅತ್ತೆ, ಇನ್ನು ನನ್ನ ತಪ್ಪು ಮುಚ್ಚಿಟ್ಟು ನನ್ನನ್ನು ಕಾಯಬೇಡಿ.