ನಲವತ್ತೆಂಟು ದಿನದ ರಕ್ತ

ವಿದ್ಯಾನಗರ, ಶಿವಮೊಗ್ಗ
೧೨ ಜೂನ್ ೨೦೨೫

ಯೋಗರಾಜ್ ಅವರಿಗೆ,

ಪ್ರೀತಿಯ ಅಂತ ಬರೆಯೋಕೆ ಕೈ ಏಳಲಿಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ, ಅದಕ್ಕೇ ಭದ್ರಾವತಿಯ ನಿಮ್ಮ ಮನೆಗೆ ಈ ಕಾಗದ. ವಕೀಲರು ಕಳಿಸಿದ ವಿಚ್ಛೇದನದ ಅರ್ಜಿ ತಲುಪಿತು. ಹೆಂಡತಿಗೆ ಮಕ್ಕಳಾಗುವುದಿಲ್ಲವಾದ್ದರಿಂದ ಇಬ್ಬರೂ ಒಪ್ಪಿ ಬೇರೆಯಾಗುತ್ತಿದ್ದೇವೆ ಅಂತ ಬರೆಸಿದ್ದೀರಿ. ಬೇರೆಯಾಗೋಕೆ ನನ್ನ ತಕರಾರಿಲ್ಲ. ಆ ಸಾಲಿಗೆ ಮಾತ್ರ ನಾನು ಸೈನ್ ಹಾಕೋಳಲ್ಲ.

ಏಳು ವರ್ಷ ಯಾರ ಸೀಮಂತವಿದ್ದರೂ ನಿಮ್ಮಮ್ಮ ನನ್ನನ್ನು ಅಡುಗೆಮನೆಯಲ್ಲೇ ಕೂರಿಸಿದರು. ಮಗುವಾಗಲಿ ಅಂತ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡವಳು ನಾನು. ನಿಮಗೆ ದಿನಕ್ಕೆ ಎರಡು ಪ್ಯಾಕ್ ಸಿಗರೇಟು, ಸಂಜೆಯಾದರೆ ಕ್ವಾರ್ಟರ್ ಮೇಲೆ ಕ್ವಾರ್ಟರ್. ಗಂಡಸಿಗೆ ಅದರಿಂದ ಏನೂ ಆಗಲ್ಲ ಅಂತ, ಲ್ಯಾಬಿನಲ್ಲಿ ದಿನಾ ಮಂದಿಯ ರಕ್ತ ನೋಡೋ ನನಗೇ ಪಾಠ ಹೇಳ್ತಿದ್ದಿರಿ.

ಡಾಕ್ಟರು ನಿಮ್ಮ ರಕ್ತವನ್ನೂ ಕೇಳಿದಾಗ ಮೂರು ತಿಂಗಳು ನೆಪ ಹೇಳಿದಿರಿ. ಆಮೇಲೆ ಅಯ್ಯಪ್ಪನ ಮಾಲೆ ಹಾಕಿದಿರಿ. ನಲವತ್ತೆಂಟು ದಿನ ಸಿಗರೇಟಿಲ್ಲ, ಬಾಟಲಿಯಿಲ್ಲ, ಬೆಳಗಿನ ಜಾವ ತಣ್ಣೀರ ಸ್ನಾನ. ನಾನೂ ನಿಮ್ಮನ್ನು ಸ್ವಾಮಿ ಅಂತಲೇ ಕರೆದೆ. ನಿಜ ಹೇಳ್ತೀನಿ, ಮದುವೆಯಾದ ಮೇಲೆ ನಾನು ನೆಮ್ಮದಿಯಿಂದ ಊಟ ಮಾಡಿದ್ದು ಆ ದಿನಗಳಲ್ಲೇ.

ಇರುಮುಡಿ ಕಟ್ಟೋ ಹಿಂದಿನ ದಿನ ನಮ್ಮ ಲ್ಯಾಬಿಗೆ ಬಂದು ಕೈ ಚಾಚಿದಿರಿ. ಲಿವರ್ ಅಂಕಿ ಸರಿಯಾಗಿತ್ತು, ಗಂಡಸಿನ ಹಾರ್ಮೋನು ಟೆಸ್ಟೋಸ್ಟಿರಾನೂ ಚೆನ್ನಾಗಿತ್ತು. ಕುಡೀತೀರಾ ಅಂತ ಡಾಕ್ಟರು ಕೇಳಿದ್ದಕ್ಕೆ ಇಲ್ಲ ಅಂದಿರಿ, ನಾನು ಪಕ್ಕದಲ್ಲೇ ಇದ್ದೂ ತಿದ್ದಲಿಲ್ಲ. ವೀರ್ಯ ಪರೀಕ್ಷೆ ಅಂದಾಗ ಮಾಲೆಯಲ್ಲಿದ್ದೀನಿ, ಆಗಲ್ಲ ಅಂದಿರಿ. ಆಮೇಲೂ ಮಾಡಿಸಲಿಲ್ಲ. ಮಾಲೆ ತೆಗೆದ ಸಂಜೆಯೇ ಮನೆಗೆ ಬಾಟಲಿ ಬಂತು. ನಿಮ್ಮಮ್ಮ ಆ ರಿಪೋರ್ಟನ್ನು ಬೀದಿಗೆಲ್ಲ ತೋರಿಸಿ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ನನ್ನ ಮಗನ ರಕ್ತ ಚಿನ್ನ. ಬಂಜೆ ಇವಳೇ."

ಈಗ ಎರಡನೇ ಮದುವೆಗೆ ರವೀಂದ್ರನಗರದ ಇಂಪನಾಳನ್ನು ನೋಡಿದ್ದೀರಂತೆ. ಅವರ ಮನೆಗೂ ಅದೇ ರಿಪೋರ್ಟ್ ಹೋಗಿದೆಯಂತೆ. ನಿಮ್ಮ ತಮ್ಮ ಶಿವರಾಜ್ ಹೇಳಿದ. ಆ ಹುಡುಗಿಯನ್ನು ನೆನೆದರೆ ಪಾಪ ಅನಿಸುತ್ತೆ, ಮಾರಾಯರೇ. ಅರ್ಜಿಯ ಆ ಸಾಲು ತೆಗೆಸಿ, ವೀರ್ಯ ಪರೀಕ್ಷೆ ಮಾಡಿಸಿ ಅವಳಿಗೆ ತೋರಿಸಿ. ಮರುದಿನವೇ ಸೈನ್ ಮಾಡ್ತೀನಿ.

ಇತಿ,
ಯಾವ ಡಾಕ್ಟರೂ ಬಂಜೆ ಅನ್ನದ
ಮೈತ್ರಿ

ಬರೆಯೋಕೆ ಹೆದರಿ ಕೊನೆಗೆ ಉಳಿಸಿದ್ದು: ಆ ರಿಪೋರ್ಟಿನಲ್ಲಿ ಒಂದು ಅಂಕಿ ಸುಳ್ಳು. ವರ್ಷಗಟ್ಟಲೆ ಕುಡಿದವರ ರಕ್ತದ ಕೆಂಪು ಕಣ ಊದಿಕೊಂಡಿರುತ್ತೆ. ಅದು ನಾಲ್ಕು ತಿಂಗಳು ಬದುಕುತ್ತೆ, ನಲವತ್ತೆಂಟು ದಿನದ ವ್ರತಕ್ಕೆ ಸರಿಹೋಗಲ್ಲ. ಕಣದ ಗಾತ್ರದ ಅಂಕಿ ನೂರು ದಾಟಬಾರದು, ಮೆಷಿನ್ ನೂರಾ ಆರು ಅಂತ ತೋರಿಸಿತ್ತು. ತೊಂಬತ್ತೆರಡು ಅಂತ ಟೈಪ್ ಮಾಡಿದವಳು ನಾನು. ಜೊತೆಯವರ ಎದುರು ಕುಡುಕನ ಹೆಂಡತಿ ಅನ್ನಿಸಿಕೊಳ್ಳೋಕೆ ನಾಚಿಕೆಯಾಯಿತು. ನಿಜವಾದ ಅಂಕಿ ಕಂಡಿದ್ದರೆ ಡಾಕ್ಟರು ಆ ಪರೀಕ್ಷೆ ಮಾಡಿಸದೆ ನಿಮ್ಮನ್ನು ಬಿಡ್ತಿರಲಿಲ್ಲ, ನನಗೆ ಆಮೇಲಿನ ಸೂಜಿಗಳೂ ತಪ್ಪುತ್ತಿದ್ದವು. ಇವತ್ತು ಬೆಳಿಗ್ಗೆ ಲ್ಯಾಬಿನಲ್ಲಿ ಒಪ್ಪಿಕೊಂಡೆ, ಕೆಲಸ ಹೋಯಿತು. ನಾಳೆ ಇಂಪನಾಳ ಮನೆಗೆ ಹೋಗ್ತೀನಿ. ಮೊದಲು ನನ್ನ ಸುಳ್ಳು ಹೇಳಿ, ಆಮೇಲೆ ನಿಮ್ಮದು ಹೇಳ್ತೀನಿ.