ನೀರಿಗೆ ದಿಕ್ಕು ಗೊತ್ತಿಲ್ಲ

ನವೆಂಬರ್ ೯, ಶನಿವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಎರಡೂ ಕಾಗದ ತಲುಪಿದವು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪುರುಸೊತ್ತಿರಲಿಲ್ಲ ಅಂತ ಬರೆಯೋಣವೆಂದರೆ, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತವಳಿಗೆ ಪುರುಸೊತ್ತಿಗೇನು ಬರ? ಪೆನ್ನು ಹಿಡಿದಾಗಲೆಲ್ಲ ಮೊದಲ ಸಾಲೇ ಬೈಗುಳವಾಗುತ್ತಿತ್ತು. ಮೂರು ಹಾಳೆ ಹರಿದು ಹಾಕಿದೆ. ಇದು ನಾಲ್ಕನೆಯದು.

ಮೊದಲು ನಿನ್ನ ಮಗಳ ಪ್ರಶ್ನೆ. ಬೇರೆ ನದಿಗಳೆಲ್ಲ ಕೆಳಕ್ಕೆ ಹರಿದರೆ ನಮ್ಮ ನದಿ ಮಾತ್ರ ಯಾಕೆ ಮೇಲಕ್ಕೆ, ಉತ್ತರಕ್ಕೆ ಹರಿಯುತ್ತೆ ಅಂತ ಕೇಳಿದಳಂತೆ. "ಅತ್ತೆಗೆ ಬರೆದು ಕೇಳೋಣ" ಅಂದೆಯಂತೆ. ಮುಖ್ಯ ಇಂಜಿನಿಯರ್ ಆದ ಅಪ್ಪ ಮನೆಯಲ್ಲೇ ಇರುವಾಗ! ಇರಲಿ, ಅವಳಿಗೆ ಹೀಗೆ ಹೇಳು: ಉತ್ತರ ಮೇಲಿರುವುದು ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಮಾತ್ರ. ನೀರು ನಕ್ಷೆ ಓದುವುದಿಲ್ಲ. ನೆಲ ಎತ್ತ ತಗ್ಗೋ ಅತ್ತ ಹೋಗುತ್ತದೆ. ನಮ್ಮಲ್ಲಿ ಬೆಟ್ಟ ದಕ್ಷಿಣಕ್ಕಿದೆ, ತಗ್ಗು ಉತ್ತರಕ್ಕಿದೆ, ಅಷ್ಟೇ ವಿಷಯ. ನದಿ ಸುತ್ತಿ ಬಳಸಿ ಹರಿಯುವುದೂ ಶೋಕಿಗಲ್ಲ. ಗಟ್ಟಿ ಬಂಡೆ ಎದುರಾದರೆ ಮೆತ್ತಗಿನ ಮಣ್ಣು ಹುಡುಕಿಕೊಳ್ಳುತ್ತದೆ. ಈ ಗುಣ ನಮ್ಮ ಮನೆಯಲ್ಲೂ ಒಬ್ಬರಿಗಿದೆ.

ನಗರಸಭೆಯ ಸರ್ವೇಯರಾಗಿ ಎರಡು ವರ್ಷದ ಹಿಂದೆ ಆ ಸಭೆಯಲ್ಲಿ ನಾನು ಹೇಳಿದ್ದೂ ಇದನ್ನೇ ಅಲ್ಲವೇನೋ? ಪೇಟೆ ಬೀದಿಯ ಮಳೆನೀರಿನ ಕೊಳವೆಯನ್ನು ಉತ್ತರದ ತುದಿಯಲ್ಲಿ ನದಿಗೆ ಬಿಡಬೇಕು. ದಕ್ಷಿಣದಲ್ಲಿ ಬಿಟ್ಟರೆ, ತುಂಬಿದ ನದಿ ಅಲ್ಲಿ ಬೀದಿಗಿಂತ ಎತ್ತರಕ್ಕೆ ನಿಲ್ಲುತ್ತದೆ, ನೀರು ಅದೇ ಕೊಳವೆಯಲ್ಲಿ ವಾಪಸ್ ಬರುತ್ತದೆ ಅಂದೆ. ಅಧ್ಯಕ್ಷ ಗೋಡೆಯ ನಕ್ಷೆಗೆ ಬೆರಳು ತೋರಿಸಿ, "ಏನಮ್ಮಾ, ನೀರು ಕೆಳಗಿಂದ ಮೇಲಕ್ಕೆ ಹರಿಯುತ್ತಾ?" ಅಂದ. ನಾನು ನಕ್ಷೆ ಬಿಚ್ಚಿ ಮೇಜಿನ ಮೇಲೆ ಹಾಸಿ, "ಈಗ ಹೇಳಿ, ಮೇಲೆ ಯಾವುದು?" ಅಂದೆ. "ಹುಷಾರಮ್ಮಾ, ಚಹಾ ಚೆಲ್ಲೀತು" ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ.

ಮಿಕ್ಕವರಿಗೆ ಗೊತ್ತಿರಲಿಲ್ಲ, ಕ್ಷಮಿಸಬಹುದು. ನಿನಗೆ ಗೊತ್ತಿತ್ತು. ಉತ್ತರದ ತುದಿಯಲ್ಲಿ ಅಧ್ಯಕ್ಷನ ಗೋದಾಮುಗಳಿವೆ, ಅಲ್ಲಿ ಅಗೆಯಲು ಬಿಡುವುದಿಲ್ಲ ಅನ್ನುವುದೂ ಗೊತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, "ಅಕ್ಕಾ, ಇಷ್ಟಕ್ಕೇ ಬಿಟ್ಟುಬಿಡು. ನನ್ನ ಬಡ್ತಿ ಇದೇ ಕಡತದ ಮೇಲೆ ನಿಂತಿದೆ" ಅಂದೆ. ನಾನು ಬಿಟ್ಟುಬಿಟ್ಟೆ, ಕೊಳವೆ ದಕ್ಷಿಣಕ್ಕೇ ಹೋಯಿತು. ಅದು ನನ್ನ ಪಾಲಿನ ತಪ್ಪು, ನಿನ್ನ ತಲೆಗೆ ಕಟ್ಟುವುದಿಲ್ಲ.

ಈ ಆಗಸ್ಟಿನಲ್ಲಿ ನದಿ ತುಂಬಿತು. ನೆಲಮಾಳಿಗೆಯ ಬೈಂಡಿಂಗ್ ಅಂಗಡಿಯಾಕೆ, ಹೊಲಿದಿಟ್ಟ ಪುಸ್ತಕಗಳು ಒದ್ದೆಯಾಗದಿರಲಿ ಅಂತ ಅವನ್ನು ಎತ್ತಿಡಲು ಮಧ್ಯಾಹ್ನ ಕೆಳಗಿಳಿದಳು. ಬೀದಿಯ ಮೋರಿಗಳಿಂದ ನೀರು ಉಕ್ಕಿ ಮೆಟ್ಟಿಲಿಗೆ ನುಗ್ಗಿತು. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಆ ಭಾರಕ್ಕೆ ಅಲುಗಲಿಲ್ಲ. ಸಂಜೆ ಒಡೆದು ತೆಗೆದರು. ನೀನು ಆ ಬೀದಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ: ಅವಳ ತೋಳಿನಲ್ಲಿ ಇನ್ನೂ ನಾಲ್ಕು ಪುಸ್ತಕ ಇದ್ದವು.

ಅವಳ ಗಂಡ ಕಳೆದ ವಾರ ಮನೆಗೆ ಬಂದಿದ್ದ. ಬೆರಳುಗಳಲ್ಲಿ ಒಣಗಿದ ಅಂಟು. "ನೀರು ಹಿಂದಕ್ಕೆ ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?" ಅಂದ.

"ಗೊತ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

ಇಪ್ಪತ್ತೆಂಟು ವರ್ಷ ನೆಲದ ಮಟ್ಟ ಅಳೆದವಳು ನಾನು, ಅವನೆದುರು ತಲೆ ಎತ್ತಲಾಗಲಿಲ್ಲ. ನನ್ನ ಅಳತೆ ಪುಸ್ತಕವನ್ನೇ ಅವನ ಕೈಗೆ ಕೊಟ್ಟೆ. ಅವನು ಆಗಲೇ ಕೇಸು ಹಾಕಿದ್ದಾನೆ. ಸೋಮವಾರ ನನ್ನ ಸಾಕ್ಷಿ. ಮೆಟ್ಟಿಲ ಮೇಲಿನ ಮಾತನ್ನೂ ಹೇಳುತ್ತೇನೆ. ಆಮೇಲೆ ಯಾರ ಬಾಯಿಂದಲೋ ಕೇಳಿದೆ ಅನ್ನಬೇಡ, ನಾನೇ ತಿಳಿಸುತ್ತಿದ್ದೇನೆ.

"ಅಳತೆ ತಪ್ಪಿದ್ದು ನಿನ್ನಿಂದಲೇ ಅಂತ ನಗರಸಭೆಯ ವಿಚಾರಣೆಯಲ್ಲಿ ಹೇಳದೆ ಬೇರೆ ದಾರಿಯಿರಲಿಲ್ಲ. ನೀನು ನಮ್ಮವಳು ತಾನೆ, ಅರ್ಥ ಮಾಡಿಕೊ" ಅಂತ ಬರೆದಿದ್ದೀಯ. ಅರ್ಥವಾಯಿತಪ್ಪಾ. ಹೊರಗಿನವರ ಹೆಸರು ಹೇಳಿದ್ದರೆ ಅವರು ಸುಮ್ಮನಿರುತ್ತಿರಲಿಲ್ಲ.

ನಿನ್ನ ಮಗಳು ಚೆನ್ನಾಗಿ ಓದಲಿ. ಯಾರೆಷ್ಟು ನಕ್ಕರೂ ಕಂಡದ್ದನ್ನು ಹೇಳುವ ಧೈರ್ಯ ಅವಳಿಗೆ ಬರಲಿ. ನಿನಗೂ ಒಳ್ಳೆಯದಾಗಲಿ; ಎತ್ತಿ ಆಡಿಸಿದವಳು, ಶಾಪ ಹಾಕಲು ನಾಲಗೆ ಹೊರಳುವುದಿಲ್ಲ.

ಇಂತು ನಿನ್ನ
ಅಕ್ಕ

ಇನ್ನೊಂದು ಮಾತು: ವಿಚಾರಣೆಯ ವರದಿಯ ಪ್ರತಿ ನಿನ್ನೆ ಕೈಸೇರಿತು. ಅಳತೆ ತಪ್ಪು ಅಂದಿದ್ದೀಯ ಅಂತಷ್ಟೇ ತಿಳಿದಿದ್ದೆ. ಏಳನೇ ಪುಟದಲ್ಲಿ ನಿನ್ನ ಮಾತು ಟೈಪಾಗಿದೆ: "ಮಗಳು ತೀರಿಹೋದ ಮೇಲೆ ಅಕ್ಕನ ಬುದ್ಧಿ ಸ್ಥಿಮಿತದಲ್ಲಿಲ್ಲ. ಹನ್ನೊಂದು ವರ್ಷದಿಂದ ಅವಳ ಅಳತೆ ನಂಬುವಂತಿಲ್ಲ." ನನ್ನ ಕೂಸು ಹೋದ ಆರನೇ ದಿನ ನೀನು ಬಾಗಿಲಿಗೆ ಬಂದು, ಹೊಸ ಸೇತುವೆಯ ಅಡಿಪಾಯದ ಕೆಲಸ ನಿಂತುಹೋಗಿದೆ, ಬೇರೆಯವರ ಅಳತೆ ನಂಬಲಾರೆ ಅಂತ ಗೋಗರೆದೆ. ನಾನು ಎದ್ದು ಬಂದು ಮಟ್ಟ ಹಿಡಿದುಕೊಟ್ಟೆ. ದಿನವೂ ನಿನ್ನ ಮಗಳನ್ನು ಶಾಲೆಗೆ ಕರೆದೊಯ್ಯುವುದು ಅದೇ ಸೇತುವೆಯ ಮೇಲೆ. ಒಂದು ದಿನವಾದರೂ ನಿನಗೆ ಭಯವಾಗಿದೆಯೇ?