ಮೂವತ್ತೆರಡನೆಯ ಸಹಿ

ಸನದ್, ಬಹರೈನ್
೧೫ ನವೆಂಬರ್ ೧೯೯೬, ಶುಕ್ರವಾರ

ಯಶ್ಮಿತಾಳ ಪಪ್ಪನಿಗೆ ನೀರಜಾಕ್ಷಿಯ ಪ್ರೀತಿಯ ನಮಸ್ಕಾರಗಳು.

ಸೊಂಟನೋವು ಹೇಗಿದೆ? ಸೌದಿಯಲ್ಲಿ, ಆ ಯಾನ್ಬುವಿನ ಕ್ಯಾಂಪಿನಲ್ಲಿ ಕುಚ್ಚಲಕ್ಕಿ ಸಿಗುತ್ತದೆಯೇ, ಈಗಲೂ ಖುಬೂಸ್ ರೊಟ್ಟಿ ತಿಂದೇ ದಿನ ದೂಡುತ್ತಿದ್ದೀರಾ? ಅಲ್ಲಿಗೆ ಹೊರಟಿರುವ ಲ್ಯಾನ್ಸಿಯವರ ಕೈಯಲ್ಲಿ ಹಪ್ಪಳ, ಉಪ್ಪಿನಕಾಯಿ ಕಳಿಸುತ್ತಿದ್ದೇನೆ. ಎಲ್ಲವನ್ನೂ ರೂಮಿನವರಿಗೆ ಹಂಚಿಬಿಡಬೇಡಿ. ಮಗಳು ಚೆನ್ನಾಗಿದ್ದಾಳೆ. ನಾನು ಮಾತ್ರ ಸ್ವಲ್ಪ ಕಾವಿನಲ್ಲಿದ್ದೇನೆ.

ಕಾರಣ ನಿಮ್ಮ ಅಣ್ಣ. ನಾನು ಶುಕ್ರವಾರ ಮಕ್ಕಳಿಗೆ ನಡೆಸುವ ಕನ್ನಡ ತರಗತಿಗೆ ಇಲ್ಲಿನ ನಮ್ಮ ಕನ್ನಡ ಸಂಘದ ಹಾಲ್ ಕೊಡಬೇಕೆಂದು ಸಮಿತಿ ಠರಾವು ಮಾಡಿತ್ತು. ಅಧ್ಯಕ್ಷರಾದ ಚೆನ್ನಪ್ಪ ಭಾವ ಒಬ್ಬರೇ ಬೇಡವೆಂದರು. ಆ ಹೊತ್ತಿಗೆ ಅವರಿಗೆ ಅಲ್ಲಿ ಬ್ಯಾಡ್ಮಿಂಟನ್ ಆಡಬೇಕಂತೆ. ಯಾಕೆಂದು ಕೇಳಿದ್ದಕ್ಕೆ ಎಲ್ಲರೆದುರು, "ಅಮೆರಿಕದಲ್ಲಿ ಸಹ ಪ್ರೆಸಿಡೆಂಟ್ ಬೇಡ ಹೇಳಿದರೆ ಮುಗಿಯಿತು. ನಿನ್ನದೆಂತ ಪಿರಿಪಿರಿ ಮಾರಾಯ್ತಿ?" ಎಂದರು. ಹದಿನೇಳು ಮಕ್ಕಳು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನಗೆ ಅಳು ಬಂತು, ಅಳಲಿಲ್ಲ.

ಅವರ ಗ್ರಹಚಾರಕ್ಕೆ ಕಳೆದ ವಾರವಿಡೀ ನಮ್ಮ ಮನೆಯಲ್ಲಿ ಅಮೆರಿಕದ್ದೇ ಸುದ್ದಿ. ಅಲ್ಲಿ ಚುನಾವಣೆ ಆಯಿತಲ್ಲ, ಮಗಳಿಗೆ ಶಾಲೆಯಲ್ಲಿ ಅದರದೇ ಚಾರ್ಟ್ ಮಾಡುವ ಕೆಲಸ. ಅಂಟು ಹಚ್ಚುತ್ತಾ ನಾನೂ ಕಲಿತೆ. ಅಧ್ಯಕ್ಷರು ಗೆದ್ದದ್ದು ಒಂದು ಪಕ್ಷದಿಂದ, ಎರಡೂ ಸದನಗಳಲ್ಲಿ ಬಹುಮತ ಇನ್ನೊಂದು ಪಕ್ಷಕ್ಕೆ. ಆದರೂ ಅಧ್ಯಕ್ಷರು ಸದನವನ್ನು ಮನೆಗೆ ಕಳಿಸುವಂತಿಲ್ಲ. ಕಳೆದ ಚಳಿಗಾಲದಲ್ಲಿ ಬಜೆಟ್ಟಿಗಾಗಿ ಎರಡೂ ಕಡೆಯವರು ಹಟ ಹಿಡಿದು ಎಷ್ಟೋ ಸರಕಾರಿ ಕಚೇರಿಗಳಿಗೆ ಬೀಗ ಬಿದ್ದಿತ್ತಂತೆ. ಸದನಗಳು ಒಪ್ಪಿದ ಮಸೂದೆಯನ್ನು ಅಧ್ಯಕ್ಷರು ತಡೆಯಬಹುದು, ನಿಜ. ಆದರೆ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಮತ್ತೆ ಹೌದೆಂದರೆ ಅವರ 'ಬೇಡ' ನಡೆಯುವುದಿಲ್ಲ.

ಚಾರ್ಟಿನಲ್ಲಿ ಅಷ್ಟು ಬರೆಯುವಾಗ ನನ್ನ ಕೈ ನಿಂತಿತು. ಈ ಮಾತನ್ನು ನಾನು ಹಿಂದೆ ಟೈಪ್ ಮಾಡಿದ್ದೆ! ಸಂಘ ಕಟ್ಟಿದ ವರ್ಷ ಭಾವ ಮೀನಾ ಸಲ್ಮಾನ್ ಬಂದರಿನ ತಮ್ಮ ಗೋದಾಮಿಗೆ ಬರುತ್ತಿದ್ದ ಅಮೆರಿಕನ್ ಒಬ್ಬನಿಂದ ಅವನ ಕ್ಲಬ್ಬಿನ ನಿಯಮಗಳ ಪುಸ್ತಕ ತಂದು, "ಹೆಸರು ಮಾತ್ರ ಬದಲು ಮಾಡು, ಬಾಕಿ ಹಾಗೇ ಹೊಡಿ" ಎಂದಿದ್ದರಲ್ಲ? ಗತ್ತಿಗೆ ಮಾಡಿಸಿದ್ದು, ಓದಿದವರು ಯಾರೂ ಇಲ್ಲ. ಟ್ರಂಕಿನಿಂದ ಕಾರ್ಬನ್ ಪ್ರತಿ ತೆಗೆದೆ. ಒಂಬತ್ತನೆಯ ನಿಯಮ: ಅಧ್ಯಕ್ಷರು ತಡೆದ ಠರಾವಿಗೆ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಜನ ಸಹಿ ಹಾಕಿದರೆ ಅದು ಜಾರಿಗೆ ಬರತಕ್ಕದ್ದು. ಕೆಳಗೆ ಭಾವನದೇ ಸಹಿ.

ಅಂದಿನಿಂದ ಸಹಿಗಾಗಿ ಸನದ್‌ನಿಂದ ಅರಾದ್‌ವರೆಗೆ ಮನೆಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. "ಮನೆಯ ಹಿರಿಯರ ಎದುರು ನಿಲ್ಲುವುದಾ?" ಎಂದು ಕೆಲವರು ಕೇಳಿದರು. ನಿಲ್ಲುತ್ತೇನೆ. ಹಬ್ಬದ ದಿನ ಭಾವನ ಕಾಲು ಮುಟ್ಟುವವಳೂ ನಾನೇ, ಆದರೆ ಅವರ ಕುರ್ಚಿಗೆ ನಮಸ್ಕಾರ ಮಾಡಲಾರೆ. ನಮ್ಮ ಮಕ್ಕಳು ಅಜ್ಜಿಯ ಕಾಗದವನ್ನು ನಮ್ಮಿಂದ ಓದಿಸಿಕೊಳ್ಳುವ ಹಾಗೆ ಆಗಬಾರದು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಗಳು ಪಪ್ಪನಿಗೆ ಮುತ್ತು ಕಳಿಸಿದ್ದಾಳೆ.

ನಿಮ್ಮ
ನೀರಜಾಕ್ಷಿ

ವಿ.ಸೂ.: ಲ್ಯಾನ್ಸಿಯವರು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಸದಸ್ಯರು ನಲವತ್ತೆಂಟು, ಬೇಕಾದ ಸಹಿ ಮೂವತ್ತೆರಡು, ಸಿಕ್ಕಿದ್ದು ಮೂವತ್ತೊಂದು. ನೀವೂ ಇನ್ನೂ ಸದಸ್ಯರೇ. ಹಪ್ಪಳದ ಕಟ್ಟಿನಲ್ಲಿ ಸಹಿಯ ಕಾಗದ ಇಟ್ಟಿದ್ದೇನೆ, ಬುಧವಾರ ಲ್ಯಾನ್ಸಿಯವರ ಕೈಯಲ್ಲೇ ವಾಪಸು ಬರಬೇಕು. ಅಣ್ಣನ ವಿರುದ್ಧ ಹೇಗೆ ಎಂದು ಪೆನ್ನು ಕೆಳಗಿಟ್ಟರೆ ನಿಮ್ಮ ಜಾಗದ ಮೇಲಿನ ಸಾಲು ನೋಡಿ. ಅದು ನಿಮ್ಮ ಅತ್ತಿಗೆ ಚಂದ್ರಾವತಿ ಅಕ್ಕನ ಸಹಿ. ಭಾವ ಬ್ಯಾಡ್ಮಿಂಟನ್‌ಗೆ ಹೋಗಿದ್ದಾಗ, ಅವರದೇ ಪೆನ್ನಿನಲ್ಲಿ ಹಾಕಿದ್ದು.